ವರಲಕ್ಷ್ಮಿಗೆ ವಾಸನೆ ಬಾರದಿದ್ದ ವರ್ಷ

ಚಳ್ಳಕೆರೆಯಲ್ಲಿ ಬಸ್ಸಿಳಿದು ಮಗಳ ಮನೆಗೆ ಹೋಗುವಾಗ ನಾನು ಆಟೋ ಹತ್ತುವುದಿಲ್ಲ. ಎಣ್ಣೆ ಮಿಲ್ಲುಗಳಿರುವ ರಸ್ತೆ ಬಳಸಿಕೊಂಡು ನಡೆದೇ ಹೋಗುತ್ತೇನೆ. ಮೊನ್ನೆ ಸಂಕ್ರಾಂತಿ ಕಳೆದ ಮೇಲೆ ಹೋದಾಗ ಯಾವುದೋ ಮಿಲ್ಲಿನಲ್ಲಿ ಹೊಸ ಶೇಂಗಾ ಅರೆಯುತ್ತಿದ್ದರು. ಆ ವಾಸನೆ ರಸ್ತೆಯ ಮೇಲೆ ಬೆಚ್ಚಗೆ, ಮಂದವಾಗಿ, ಮಧ್ಯಾಹ್ನದ ನಿದ್ದೆಯ ಹಾಗೆ ಹರಡಿಕೊಂಡಿತ್ತು. ಗೋಡೆಯ ನೆರಳಿಗೆ ಸರಿದು ನಿಂತೆ. ಸೈಕಲ್ಲಿನವರು ಹೋದರು, ಹಿಂಡಿ ಮೂಟೆಯ ಗಾಡಿ ಹೋಯಿತು. ನಾನು ಮಾತ್ರ ಅಲ್ಲಿರಲಿಲ್ಲ. ಅದೇ ರಸ್ತೆಯಲ್ಲಿ, ಇನ್ನೊಂದು ವರ್ಷದಲ್ಲಿ, ನನ್ನ ಹೆಂಡತಿ ವರಲಕ್ಷ್ಮಿಯ ಕೈ ಹಿಡಿದುಕೊಂಡು ನಿಂತಿದ್ದೆ.

ನಮ್ಮದು ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯುವ ಮನೆ. ಮುಂದಿನ ಕೋಣೆಯಲ್ಲಿ ಮಗ್ಗ, ಅದರ ಹಿಂದೆ ನಡುಮನೆ, ಅದರಾಚೆ ಅಡಿಗೆಮನೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ನನಗೆ ಹೊತ್ತು ತಿಳಿಯುತ್ತಿದ್ದದ್ದು ಗಡಿಯಾರದಿಂದಲ್ಲ, ಒಳಗಿನಿಂದ ಬರುತ್ತಿದ್ದ ವಾಸನೆಯಿಂದ. ಒಗ್ಗರಣೆ ಬಿತ್ತೆಂದರೆ ಬೆಳಿಗ್ಗೆಯ ಪಾಳಿ ಮುಗಿಯಿತು. ರೊಟ್ಟಿ ಸುಡುವ ವಾಸನೆ ಬಂತೆಂದರೆ ಲಾಳಿ ಕೆಳಗಿಡಬಹುದು. ವರಲಕ್ಷ್ಮಿ ರಾಯದುರ್ಗದ ಕಡೆಯವಳು. ಬೈಯುವುದು, ಮುದ್ದು ಮಾಡುವುದು, ದೇವರ ಹತ್ತಿರ ಜಗಳ ಆಡುವುದು ಎಲ್ಲ ತೆಲುಗಿನಲ್ಲಿ. ನನ್ನ ಹತ್ತಿರ ಮಾತ್ರ ಕನ್ನಡ. ಕೇರಿಯವರು ಅವಳ ಪುಂಡಿಸೊಪ್ಪಿನ ಚಟ್ನಿಯನ್ನು ಬಟ್ಟಲು ತಂದು ಕೇಳಿ ಒಯ್ಯುತ್ತಿದ್ದರು.

ಆ ವರ್ಷ ಆಷಾಢದ ಗಾಳಿ ಶುರುವಾದಾಗ ಊರಲ್ಲಿ ಜ್ವರ ಬಂತು. ನಮ್ಮ ಕೇರಿಯಲ್ಲಿ ಎಲ್ಲರಿಗೂ ಬಂತು, ಹೋಯಿತು. ವರಲಕ್ಷ್ಮಿಗೂ ಬಂತು, ಹೋಯಿತು. ಆದರೆ ಹೋಗುವಾಗ ಅವಳ ವಾಸನೆ, ರುಚಿ ಎರಡನ್ನೂ ತೆಗೆದುಕೊಂಡು ಹೋಯಿತು. ಮೊದಲು ಅವಳು ಹೇಳಲೇ ಇಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು, ಇನ್ನೊಂದು ದಿನ ಬೀಳಲೇ ಇಲ್ಲ. ನಿಶ್ಶಕ್ತಿ ಇರಬೇಕು ಅಂದುಕೊಂಡೆ. ಹೊರಗೆ ಗಾಳಿ ಹಗಲೂ ರಾತ್ರಿ ಬಂಡೆಗಳ ನಡುವೆ ಊಳಿಡುತ್ತಿತ್ತು. ಬಾಗಿಲು ಕಿಟಕಿ ಮುಚ್ಚಿಕೊಂಡು ನಾವು ಒಳಗಿರುತ್ತಿದ್ದೆವು.

ಹಾಗೆ ಮುಚ್ಚಿಕೊಂಡಿದ್ದ ಒಂದು ಮಧ್ಯಾಹ್ನ ಮಗ್ಗದಲ್ಲಿ ಕೂತಿದ್ದ ನನಗೆ ಗ್ಯಾಸಿನ ವಾಸನೆ ಬಡಿಯಿತು. ಎದ್ದು ಓಡಿದೆ. ಅಡಿಗೆಮನೆಯಲ್ಲಿ ಉಸಿರಾಡಲಾಗದಷ್ಟು ಗ್ಯಾಸು ತುಂಬಿತ್ತು. ಅದರ ನಡುವೆ ವರಲಕ್ಷ್ಮಿ ಏನೂ ಆಗದವಳಂತೆ ನಿಂತು, ಬೆಂಕಿಪೆಟ್ಟಿಗೆಯಿಂದ ಕಡ್ಡಿ ತೆಗೆಯುತ್ತಿದ್ದಳು. ಕೈಗೆ ಹೊಡೆದು ಕಿತ್ತುಕೊಂಡೆ. ಗ್ಯಾಸು ಬಂದ್ ಮಾಡಿ, ಹಿತ್ತಿಲ ಬಾಗಿಲು ತೆರೆದು, ಅವಳನ್ನು ಎಳೆದುಕೊಂಡು ಹೊರಗೆ ಬಂದೆ.

"ಯಾಕೆ, ಏನಾತು ಮಾವ?" ಅಂದಳು. ಅವಳು ನನ್ನನ್ನು ಕರೆಯುವುದೇ ಹಾಗೆ.

"ಏನಾತಾ? ಗ್ಯಾಸು ಸೋರ್ತಾ ಐತೆ. ಮೂಗಿಗೆ ಬಡೀಲಿಲ್ವಾ ನಿಂಗೆ?"

ಗಾಳಿಗೆ ಅವಳ ಸೆರಗು ಹಾರುತ್ತಿತ್ತು. ಅದನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಇಲ್ಲ ಮಾವ. ನಂಗೆ ಯಾವ ವಾಸ್ನೇನೂ ಬರ್ತಾ ಇಲ್ಲ. ಜ್ವರ ಬಿಟ್ಟಾಗಿಂದ."

ಅವತ್ತಿನಿಂದ ಅವಳು ಒಲೆಯ ಹತ್ತಿರ ಹೋಗಲಿಲ್ಲ. ನಾನು ಬೇಡ ಅಂದದ್ದು ನಿಜ. ಆದರೆ ನನಗಿಂತ ಮೊದಲು ಅವಳೇ ತನಗೆ ಬೇಡ ಅಂದುಕೊಂಡಿದ್ದಳು. "ನಾಲಿಗೆ ಇಲ್ದೋಳು ಏನು ಅಡಿಗೆ ಮಾಡ್ಲಿ?" ಅಂದು ನಡುಮನೆಯ ಮೂಲೆಯಲ್ಲಿ ಕೂತು ನೂಲು ಸುತ್ತತೊಡಗಿದಳು. ಊಟಕ್ಕೆ ಕರೆದರೆ ಬರುತ್ತಿದ್ದಳು. ಎರಡು ತುತ್ತು ನುಂಗಿ, "ಮಣ್ಣು ತಿಂದಂಗಾಗ್ತೈತೆ" ಅಂದು ಏಳುತ್ತಿದ್ದಳು. ಶ್ರಾವಣ ಬರುವ ಹೊತ್ತಿಗೆ ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಚಳ್ಳಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಆಗಲೇ. ಮಗಳು ಪಲ್ಲವಿ ಅಲ್ಲೇ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ಅವಳೇ ಎಲ್ಲ ವಿಚಾರಿಸಿದ್ದಳು. ಡಾಕ್ಟರು ಮೂಗಿನಲ್ಲಿ ಬೆಳಕು ಬಿಟ್ಟು ನೋಡಿದರು. "ಒಳಗಿನ ನರ ಸುಸ್ತಾಗಿದೆಯಮ್ಮ. ವಾಪಸ್ಸು ಬರಬಹುದು. ನಿಧಾನ ಆಗುತ್ತೆ. ಅಲ್ಲಿವರೆಗೆ ಊಟ ಬಿಡಬೇಡಿ, ಅದೇ ಮುಖ್ಯ" ಅಂದರು. ಹೊರಗೆ ಬಂದು ಮಿಲ್ಲಿನ ರಸ್ತೆಯಲ್ಲಿ ನಡೆಯುವಾಗ ಊರಿಡೀ ಶೇಂಗಾ ಎಣ್ಣೆಯ ವಾಸನೆ. ಅವಳು ಮಿಲ್ಲಿನ ಗೇಟು ನೋಡಿ ನಿಂತಳು.

"ವಾಸ್ನೆ ಐತಾ ಮಾವ?"

"ಹೂಂ, ಐತೆ."

"ಎಂಗೈತೆ ಹೇಳು."

"ಶೇಂಗಾ ವಾಸ್ನೆ. ಎಂಗಿರ್ತೈತೆ? ಶೇಂಗಾ ಥರ ಐತೆ."

"ಅಷ್ಟೇನಾ?" ಅಂದು ನನ್ನ ಮುಖ ನೋಡಿದಳು. ಅವಳು ಮುಂದೆ ನಡೆದಳು, ನಾನು ಹಿಂದೆ ನಡೆದೆ.

ಅಡಿಗೆ ನನ್ನ ಪಾಲಿಗೆ ಬಂತು. ಅನ್ನ, ಬರೀ ಬೇಳೆ, ಉಪ್ಪಿನಕಾಯಿ. ಮುದ್ದೆ ತಿರುವಲು ಹೋಗಿ ಗಂಟುಗಂಟಾಗಿ ಪಾತ್ರೆಯನ್ನು ಹಿತ್ತಿಲಲ್ಲಿ ನೆನೆ ಹಾಕಿದ ದಿನಗಳಿವೆ. ರಜೆಗೆ ಬಂದ ಪಲ್ಲವಿ ನನ್ನ ಬೇಳೆ ಉಂಡು ನಕ್ಕಳು. "ಅಪ್ಪ, ಟೀವೀಲಿ ಮಧ್ಯಾಹ್ನ ಅಡಿಗೆ ಪ್ರೋಗ್ರಾಮ್ ಬರ್ತೈತಲ್ಲ, ನೋಡಿ ಕಲಿ. ಫೋನಿನಲ್ಲೂ ಐತೆ, ಬೇಕಾದ್ರೆ ನಿಲ್ಲಿಸಿ ನಿಲ್ಲಿಸಿ ನೋಡಬೋದು" ಅಂದು, ಫೋನಿನಲ್ಲಿ ಹುಡುಕುವುದು ಹೇಗೆಂದು ತೋರಿಸಿ ಹೋದಳು.

ಹೀಗೆ ನಮ್ಮ ಮಧ್ಯಾಹ್ನಗಳು ಶುರುವಾದವು. ಮಗ್ಗ ನಿಲ್ಲಿಸಿದ ಮೇಲೆ ಮನೆಯಲ್ಲಿ ಒಂದು ಥರದ ಮೌನ ಬರುತ್ತದೆ. ಕಿವಿಯೊಳಗೆ ಲಾಳಿ ಇನ್ನೂ ಓಡುತ್ತಿರುತ್ತದೆ, ಹೊರಗೆ ಏನೂ ಇರುವುದಿಲ್ಲ. ಆ ಮೌನದಲ್ಲಿ ಟೀವಿ ಹಚ್ಚುತ್ತಿದ್ದೆ. ಪರದೆಯ ಮೇಲೆ ಹೊಗೆಯಿಲ್ಲದ, ಮಸಿಯಿಲ್ಲದ, ಕನ್ನಡಿಯಂಥ ಅಡಿಗೆಮನೆ. ಕೈತುಂಬ ಬಳೆ ಹಾಕಿಕೊಂಡ ಹೆಂಗಸೊಬ್ಬಳು ಸಣ್ಣ ಸಣ್ಣ ಗಾಜಿನ ಬಟ್ಟಲುಗಳಲ್ಲಿ ಅರಿಸಿನ, ಖಾರದಪುಡಿ, ಕೊತ್ತಂಬರಿ ಇಟ್ಟುಕೊಂಡು ನಗುತ್ತಿದ್ದಳು. ಹಳದಿ, ಕೆಂಪು, ಹಸಿರು. ನನಗೆ ಅದು ಸೀರೆಯ ಅಂಚಿಗೆ ಬಣ್ಣದ ನೂಲು ಜೋಡಿಸಿಟ್ಟ ಹಾಗೆ ಕಾಣುತ್ತಿತ್ತು. ಕಣ್ಣು ತೂಗುತ್ತಿತ್ತು, ಆದರೆ ನಿದ್ದೆ ಅಲ್ಲ. ಎಣ್ಣೆ ಹೊಳೆಯುವುದು, ಈರುಳ್ಳಿ ಚೂರು ಗಾಜಿನಂತಾಗುವುದು, ಆವಿ ಸುರುಳಿಯಾಗಿ ಏಳುವುದು, ಎಲ್ಲ ನೀರಿನೊಳಗೆ ನಡೆಯುತ್ತಿರುವಂತೆ ಅನಿಸುತ್ತಿತ್ತು.

ಮೊದಮೊದಲು ವರಲಕ್ಷ್ಮಿ ಮೂಲೆಯಲ್ಲೇ ಕೂತಿರುತ್ತಿದ್ದಳು. ಒಂದು ದಿನ ನೋಡುತ್ತೇನೆ, ನೂಲಿನ ರಾಟೆ ಬಿಟ್ಟು ನನ್ನ ಪಕ್ಕ ಬಂದು ಕೂತಿದ್ದಾಳೆ. ಟೀವಿಯ ಹೆಂಗಸು ಮುಚ್ಚಳ ತೆಗೆದು, ಕಣ್ಣು ಮುಚ್ಚಿ, "ಆಹಾ, ಎಂಥಾ ಘಮ!" ಅಂದಳು.

"ಮಾವ, ಆಯಮ್ಮನ ಸಾರಿನ ವಾಸ್ನೆ ನಿಂಗೆ ಬಂತಾ?"

"ಟೀವಿಯಿಂದ ಎಂಗೆ ಬರ್ತೈತೆ?"

"ಅಲ್ವಾ?" ಅಂದಳು. ಎಷ್ಟೋ ವಾರಗಳ ನಂತರ ಅವಳ ಮುಖದಲ್ಲಿ ನಗು. "ನಿಂಗೂ ಬರಲ್ಲ, ನಂಗೂ ಬರಲ್ಲ. ಇದನ್ನ ನೋಡ್ವಾಗ ಮಾತ್ರ ಊರೋರೆಲ್ಲಾ ನನ್ನಂಗೇ."

ಅಂದಿನಿಂದ ಅವಳು ಒಂದು ಮಧ್ಯಾಹ್ನವನ್ನೂ ತಪ್ಪಿಸಲಿಲ್ಲ. ಫೋನಿನಲ್ಲಿ ತೆಲುಗಿನ ಮುದುಕನೊಬ್ಬ ಹೊಲದ ಬದುವಿನಲ್ಲಿ ಕಲ್ಲಿನ ಒಲೆ ಹೂಡಿ ಅಡಿಗೆ ಮಾಡುವುದನ್ನು ಹುಡುಕಿಕೊಂಡಳು. ಅವನ ಮಾತು ಅವಳ ತವರಿನ ಮಾತು. ಅವನು ಬದನೆಕಾಯಿ ಸುಟ್ಟು ಸಿಪ್ಪೆ ಬಿಡಿಸುವಾಗ ಅವಳ ಬೆರಳುಗಳೂ ಮಡಿಲಲ್ಲಿ ಸಣ್ಣಗೆ ಆಡುತ್ತಿದ್ದವು.

ನೋಡುವುದು ಸುಲಭ. ಮಾಡುವುದು ಬೇರೆ. ಬಳೆಯ ಹೆಂಗಸು ಕೇಳುತ್ತಿದ್ದ ಅಣಬೆ, ಕೆನೆ, ಬಣ್ಣದ ದೊಣ್ಣೆಮೆಣಸಿನಕಾಯಿ ಮೊಳಕಾಲ್ಮೂರಿನ ಸಂತೆಯಲ್ಲಿ ಎಲ್ಲಿಂದ ಬರಬೇಕು? ನಮಗೆ ಸಿಗುವುದು ಬದನೆ, ಹೀರೆ, ಪುಂಡಿಸೊಪ್ಪು, ಹುರುಳಿ, ಕೊಂಡ್ಲಹಳ್ಳಿ ಕಡೆಯಿಂದ ಬರುವ ಹಸಿ ಶೇಂಗಾ. ಅವಳ ಬೆಣ್ಣೆಗೆ ನಮ್ಮ ಶೇಂಗಾ ಎಣ್ಣೆ, ಅವಳ ಗೋಡಂಬಿಗೆ ನಮ್ಮ ಶೇಂಗಾ ಪುಡಿ ಅಂತ ಬದಲು ಮಾಡಿಕೊಂಡೆ. ನನ್ನನ್ನು ದಿಕ್ಕೆಡಿಸುತ್ತಿದ್ದದ್ದು ಅವಳ ಒಂದೇ ಮಾತು: "ಉಪ್ಪು, ರುಚಿಗೆ ತಕ್ಕಷ್ಟು." ಸೌಟು ಹಿಡಿದುಕೊಂಡು ಬಂದು ವರಲಕ್ಷ್ಮಿಯನ್ನು ಕೇಳಿದೆ, "ಯಾರ ರುಚಿಗೆ ತಕ್ಕಷ್ಟು?"

"ಈಗ ಈ ಮನೇಲಿ ರುಚಿ ಅಂದ್ರೆ ನಿಂದೊಂದೇ ಅಲ್ವಾ. ನಿನ್ನ ನಾಲಿಗೆ ಎಷ್ಟು ಅಂತೈತೋ ಅಷ್ಟು."

ಅವಳು ಅದನ್ನು ನಗುತ್ತಲೇ ಹೇಳಿದಳು. ನಾನು ಸೌಟಿನ ಸಾರನ್ನು ಇನ್ನೊಮ್ಮೆ ನೆಕ್ಕಿ ನೋಡಿದೆ. ಅಲ್ಲಿಯವರೆಗೆ ತಟ್ಟೆಗೆ ಬಂದದ್ದನ್ನು ಉಂಡು ಎದ್ದವನು ನಾನು. ಈಗ ಇಬ್ಬರ ನಾಲಿಗೆಯನ್ನು ಒಬ್ಬನೇ ಹೊತ್ತುಕೊಂಡಿದ್ದೆ.

ಎದುರು ಮನೆಯ ತಿಪ್ಪೇಸ್ವಾಮಿ ನನ್ನ ಓರಗೆಯವನು, ಅವನೂ ನೇಕಾರನೇ. ನಾನು ಹೆಗಲಿಗೆ ಟವೆಲ್ಲು ಹಾಕಿಕೊಂಡು ಜಗುಲಿಯಲ್ಲಿ ಸೊಪ್ಪು ಬಿಡಿಸುವುದನ್ನು ನೋಡಿ, "ಏನ್ಲೇ, ಲಾಳಿ ಬಿಟ್ಟು ಸೌಟು ಹಿಡ್ದೀಯಂತೆ? ನಮ್ಮನೇಲೂ ಒಂದು ಲಗ್ನ ಐತೆ, ಬರ್ತೀಯಾ ಅಡಿಗೆಗೆ?" ಅಂದ. ಕೇರಿ ನಕ್ಕಿತು. ವರಲಕ್ಷ್ಮಿ ಒಳಗಿನಿಂದಲೇ ಕೂಗಿದಳು, "ಬರ್ತಾನೆ ಕಣಣ್ಣ, ಮೊದ್ಲು ನೀನು ಬಂದು ಒಂದಿನ ಉಣ್ಣು. ಬದುಕಿದ್ರೆ ಕರಿ." ಆಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವಳು ಮತ್ತೆ ಕೇರಿಗೆ ಎದುರು ಮಾತಾಡಿದ್ದಳಲ್ಲ!

ಭಾದ್ರಪದದ ಮೋಡಗಳು ಬಂದು, ಹನಿ ಚೆಲ್ಲಿ, ಆಂಧ್ರದ ಕಡೆ ಹೋದವು. ಅಷ್ಟರಲ್ಲಿ ಅವಳು ಅಡಿಗೆಮನೆಯ ಹೊಸ್ತಿಲಿಗೆ ಬಂದು ಕೂತಿದ್ದಳು. ಒಳಗಲ್ಲ, ಹೊಸ್ತಿಲ ಮೇಲೆ. ಅಲ್ಲಿಂದಲೇ ಕಿವಿಯಿಂದ ಅಡಿಗೆ ಮಾಡಿಸತೊಡಗಿದಳು. "ಸಾಸಿವೆ ಸದ್ದು ನಿಲ್ತು, ಈಗ ಕರಿಬೇವು ಹಾಕು." "ಬೇಳೆ ಕುದಿಯೋ ಸದ್ದು ದಪ್ಪ ಆತು, ನೀರು ಸಾಲ್ದು." "ರೊಟ್ಟಿ ಮೇಲೆ ಚುಕ್ಕಿ ನೋಡು, ತಿರುವು." ಟೀವಿಯಲ್ಲಿ ನಾನು ನೋಡಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಅವಳ ಕಣ್ಣು, ಕಿವಿ, ನನ್ನ ಮೂಗು, ಕೈ. ಇಬ್ಬರೂ ಸೇರಿ ಒಬ್ಬ ಅಡಿಗೆಯವಳಾಗಿದ್ದೆವು.

ಆದರೆ ಅವಳು ಕೇಳುವ ಪ್ರಶ್ನೆ ಬಿಡಲಿಲ್ಲ. "ಈಗ ವಾಸ್ನೆ ಎಂಗೈತೆ?" ನಾನು ಮಾತು ಹುಡುಕುವುದನ್ನು ಕಲಿತೆ. ಜೀರಿಗೆ ಹುರಿದರೆ ಬಿಸಿಲಿಗೆ ಕಾದ ಹಗ್ಗದ ಮಂಚದ ಮೇಲೆ ಮಲಗಿದಂತೆ. ಬೆಳ್ಳುಳ್ಳಿ ಕೆಂಪಾದರೆ ಬಸ್ಸಿನಲ್ಲಿ ಅಪರಿಚಿತರು ಸಲಿಗೆಯಿಂದ ಮೈಮೇಲೆ ಬಿದ್ದಂತೆ. ಹುಣಸೆ ಕುದಿದರೆ ಯಾರೋ ಕಿವಿ ಹಿಂಡಿದಂತೆ. ಕೊತ್ತಂಬರಿ ಸೊಪ್ಪು ಹಾಕಿದಾಗ ನನಗೆ ಏನೂ ತೋಚದೆ, "ನಮ್ಮ ಮದುವೇಲಿ ನಿಮ್ಮೂರ ಬಾವಿ ಹತ್ರ ಕೈ ತೊಳೆಯೋಕೆ ಹೋಗಿದ್ವಲ್ಲ, ಹಂಗೆ ತಣ್ಣಗೆ" ಅಂದೆ. ಅವಳು ಹೊಸ್ತಿಲಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. "ಹೂಂ. ಬಂತು" ಅಂದಳು. ಬಂದದ್ದು ವಾಸನೆ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಊಟದಲ್ಲೂ ಅವಳಿಗೊಂದು ದಾರಿ ಸಿಕ್ಕಿತು. ರುಚಿ ಇಲ್ಲದಿದ್ದರೂ ಹಲ್ಲಿಗೆ, ಗಂಟಲಿಗೆ ತಿಳಿಯುವುದು ಬಹಳ ಇರುತ್ತದೆ. ಗರಿಗರಿ ಸಜ್ಜೆ ರೊಟ್ಟಿ, ಕಟುಮ್ಮೆನ್ನುವ ಹಸಿ ಸೌತೆ, ಸುಡುಸುಡು ಹುರುಳಿ ಸಾರು, ಅದರ ಹಿಂದೆಯೇ ತಣ್ಣನೆಯ ಮಜ್ಜಿಗೆ. ಗುಡ್ಡದ ಸೀತಾಫಲ ಬಂದಾಗ ಒಂದೊಂದೇ ತೊಳೆಯನ್ನು ನಾಲಿಗೆಯ ಮೇಲಿಟ್ಟುಕೊಂಡು, ಬೀಜ ಜಾರುವವರೆಗೂ ಆಡಿಸುತ್ತಿದ್ದಳು. "ಸಿಹಿ ಗೊತ್ತಾಗಲ್ಲ ಮಾವ, ಆದ್ರೆ ಬಾಯಿ ತುಂಬ ಮೋಡ ತುಂಬ್ಕೊಂಡಂಗೆ ಐತೆ" ಅಂದಳು. ದೀಪಾವಳಿಯ ಹೊತ್ತಿಗೆ ಬಳೆಗಳು ಮುಂಗೈಗೆ ಮರಳಿದ್ದವು.

ಒಂದು ಬೆಳಿಗ್ಗೆ ಎದ್ದವಳು ಹಾಸಿಗೆಯ ಮೇಲಿನಿಂದಲೇ ನನ್ನನ್ನು ಕರೆದಳು. "ಕನಸಿನಾಗೆ ವಾಸ್ನೆ ಬಂತು ಮಾವ. ನಮ್ಮಮ್ಮ ಹಿತ್ತಲಲ್ಲಿ ಪುಂಡಿಸೊಪ್ಪು ಹುರೀತಾ ಇದ್ಲು. ಮೂಗು ತುಂಬ ಬಂತು. ಎದ್ದ ಮೇಲೂ ಒಂದು ಗಳಿಗೆ ಇತ್ತು, ಆಮೇಲೆ ಹೋಯ್ತು." ನಾನು ಚೀಲ ಹಿಡಿದು ಹೊರಟೆ. ಸಂತೆಗೆ ಹೋಗಿ ಪುಂಡಿಸೊಪ್ಪು ತಂದೆ. ತೆಲುಗು ಮುದುಕನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸೊಪ್ಪು ಹುರಿಯುವಾಗ ಅವಳು ಮೊದಲ ಬಾರಿಗೆ ಹೊಸ್ತಿಲು ದಾಟಿ ಬಂದು, ಬಾಣಲೆಯ ಮೇಲೆ ಮುಖ ಬಾಗಿಸಿ ನಿಂತಳು. ಆವಿಯಿಂದ ಮುಖ ಒದ್ದೆಯಾಯಿತು. ತಲೆಯಾಡಿಸಿ ವಾಪಸ್ಸು ಹೋಗಿ ಕೂತಳು. ನಾನು ಒಲೆಯ ಕಡೆಗೇ ತಿರುಗಿ ನಿಂತೆ.

ಕಾರ್ತಿಕದಲ್ಲಿ ಅವಳ ತಮ್ಮ ನಾಗರಾಜು ಬಂದ. ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋಗಿ ಪೂಜೆ ಮಾಡಿಸಿ, ಅಕ್ಕನ ಮನೆಯಲ್ಲಿ ಉಂಡು ಹೋಗುವುದು ಅವನ ವರ್ಷದ ಪದ್ಧತಿ. ಅಕ್ಕನಿಗೆ ಹೀಗಾಗಿದೆ ಎಂದು ನಾವು ತವರಿಗೆ ತಿಳಿಸಿರಲಿಲ್ಲ. ಅವಳು ಬೇಡ ಅಂದಿದ್ದಳು. "ಅವ್ನಿಗೆ ಗೊತ್ತಾಗ್ಬಾರ್ದು. ಅಮ್ಮಂಗೆ ಹೇಳ್ತಾನೆ, ಆಯಮ್ಮ ಅಳ್ತಾಳೆ" ಅಂದು ಬೆಳಿಗ್ಗೆಯೇ ನನಗೆ ತಾಕೀತು ಮಾಡಿದಳು. ಅವನು ಬೆಟ್ಟ ಹತ್ತಲು ಹೋದ ಹೊತ್ತಿನಲ್ಲಿ ನಾನು ಪುಂಡಿಸೊಪ್ಪಿನ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಸಾರು ಮಾಡಿದೆ. ಅವಳು ಹೊಸ್ತಿಲಿನಿಂದ ಕಾಯುತ್ತಿದ್ದಳು, ಹೇಳುತ್ತಿದ್ದಳು, ಬೆರಳ ತುದಿಯಿಂದ ಚಟ್ನಿ ಮುಟ್ಟಿ ನುಣುಪು ನೋಡುತ್ತಿದ್ದಳು. ಅವನ ಚಪ್ಪಲಿ ಸದ್ದು ಕೇಳಿದ ಕೂಡಲೇ ನನ್ನ ಹೆಗಲ ಟವೆಲ್ಲು ಎಳೆದುಕೊಂಡು, ನನ್ನನ್ನು ಮಗ್ಗದ ಕಡೆ ತಳ್ಳಿ, ತಾನೇ ಒಲೆಯ ಮುಂದೆ ನಿಂತಳು.

ನಾಗರಾಜು ಉಂಡ. ಇನ್ನೊಮ್ಮೆ ಹಾಕಿಸಿಕೊಂಡ. ಕೈ ತೊಳೆಯುವ ಮುಂಚೆ ಅಕ್ಕನನ್ನು ನೋಡಿ, "ಅಕ್ಕಾ, ನೀ ಚೇತಿ ರುಚಿ ಎಕ್ಕಡಿಕೀ ಪೋಲೇದು" ಅಂದ. ನಿನ್ನ ಕೈರುಚಿ ಎಲ್ಲಿಗೂ ಹೋಗಿಲ್ಲ ಅಂತ. ನಾನು ಮಗ್ಗದ ಗುಂಡಿಯಲ್ಲಿ ಕೂತು ಸುಮ್ಮನೆ ಲಾಳಿ ಆಡಿಸುತ್ತಿದ್ದೆ. ವರಲಕ್ಷ್ಮಿ ತಿರುಗಿ ನನ್ನನ್ನು ನೋಡಿದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು ತಡೆಯಲಾಗದೆ ನಡುಗುತ್ತಿತ್ತು. "ಎಕ್ಕಡಿಕಿ ಪೋತುಂದಿ ರಾ" ಅಂದಳು ತಮ್ಮನಿಗೆ. ಎಲ್ಲಿಗೆ ಹೋಗುತ್ತದೆ ಬಿಡೋ.

ಅವನು ಹೋದ ಮೇಲೆ ಒಲೆ ಮುಂದಿನ ಜಾಗವನ್ನು ಅವಳು ಪೂರ್ತಿ ಬಿಟ್ಟುಕೊಡಲಿಲ್ಲ. ನಾನಿದ್ದರೆ ತಾನೂ ಬಂದು ನಿಲ್ಲುತ್ತಿದ್ದಳು. ಕಡ್ಡಿ ಗೀರುವುದು ಮಾತ್ರ ನನ್ನ ಕೆಲಸ.

ಚಳಿ ಬಂದು ಮಾಗಿಯ ಬಿಸಿಲು ಎಳೆಯದಾಗಿದ್ದ ಒಂದು ದಿನ ತಿಪ್ಪೇಸ್ವಾಮಿ ತನ್ನ ಹಿತ್ತಿಲಲ್ಲಿ ಹಸಿ ರೇಷ್ಮೆ ನೂಲು ಬೇಯಿಸುತ್ತಿದ್ದ. ನೂಲಿನ ಅಂಟು ಬಿಡಿಸಲು ಸಾಬೂನು, ಸೋಡಾ ಹಾಕಿ ಕುದಿಸುವಾಗ ಏಳುವ ನಾತ ಹೇಳತೀರದು. ರೇಷ್ಮೆ ಸೀರೆ ಉಟ್ಟವರು ಯಾರೂ ಅದನ್ನು ನಂಬುವುದಿಲ್ಲ. ಕೇರಿಯ ಹೆಂಗಸರು ಸೆರಗು ಮೂಗಿಗೆ ಹಿಡಿದು ಬಾಗಿಲು ಹಾಕಿಕೊಂಡಿದ್ದರು. ನಾನು ಜಗುಲಿಯಲ್ಲಿ ಹುರುಳಿ ಆರಿಸುತ್ತಿದ್ದೆ. ವರಲಕ್ಷ್ಮಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ತಲೆ ಎತ್ತಿದಳು. ಆಮೇಲೆ ಚಪ್ಪಲಿ ಕೂಡ ಮೆಟ್ಟದೆ ರಸ್ತೆ ದಾಟಿ ಅವನ ಹಿತ್ತಿಲಿಗೆ ನಡೆದುಬಿಟ್ಟಳು. ನಾನು ಹುರುಳಿ ಚೆಲ್ಲಿ ಹಿಂದೆಯೇ ಓಡಿದೆ.

ಹಂಡೆಯ ಮುಂದೆ ನಿಂತು ಎದೆ ತುಂಬ ಉಸಿರೆಳೆಯುತ್ತಿದ್ದಳು. ಆವಿ ಅವಳ ತಲೆಗೂದಲನ್ನು ಸುತ್ತಿಕೊಳ್ಳುತ್ತಿತ್ತು. ತಿಪ್ಪೇಸ್ವಾಮಿ ಕೋಲು ಹಿಡಿದು ಬೆಪ್ಪಾಗಿ ನಿಂತಿದ್ದ.

"ಯಾಕಮ್ಮ ವರಲಕ್ಷ್ಮಿ, ದೂರ ನಿಲ್ಲು, ನಾರ್ತೈತೆ!"

"ಹೌದಣ್ಣ, ನಾರ್ತೈತೆ!" ಅಂದಳು. "ಅಯ್ಯೋ ದೇವರೇ, ಎಷ್ಟು ನಾರ್ತೈತೆ! ಗಬ್ಬು ನಾತ! ಮಾವ, ನೋಡು ಬಾ, ಎಂಥಾ ಗಬ್ಬು!" ಅನ್ನುತ್ತಾ ಅಳುತ್ತಿದ್ದಳು, ನಗುತ್ತಿದ್ದಳು, ಮತ್ತೆ ಮತ್ತೆ ಮೂಗು ಅರಳಿಸಿ ಎಳೆದುಕೊಳ್ಳುತ್ತಿದ್ದಳು. ತಿಪ್ಪೇಸ್ವಾಮಿಗೆ ಅರ್ಥವಾಗಿ ಕೋಲು ಕೆಳಗಿಟ್ಟು, ಕಣ್ಣೊರೆಸಿಕೊಂಡು, "ಹೊಗೆ ಕಣಪ್ಪ" ಅಂದ.

ಮನೆಗೆ ಬಂದಾಗ ಹೊತ್ತು ಏರಿತ್ತು. ನೆಟ್ಟಗೆ ಅಡಿಗೆಮನೆಗೆ ಹೋಗಿ, ತಟ್ಟೆ ಹಾಕಿಕೊಂಡು ನೆಲದ ಮೇಲೆ ಕೂತಳು.

"ಬಡ್ಸು ಮಾವ. ಇಷ್ಟು ದಿನ ನೀ ಮಾಡಿ ಹಾಕ್ದೆ, ನಾ ನುಂಗ್ದೆ. ನಿನ್ನ ಅಡಿಗೆ ನಾ ಇನ್ನೂ ಉಂಡೇ ಇಲ್ಲ."

ಬೆಳಿಗ್ಗೆ ಮಾಡಿದ್ದ ಬೇಳೆಸಾರು, ಮುದ್ದೆ ಇತ್ತು. ಸಾರು ಬಿಸಿ ಮಾಡಿ ಬಡಿಸಿದೆ. ಸೌಟು ಕೆಳಗಿಡದೆ ಅಲ್ಲೇ ನಿಂತೆ. ಮದುವೆಯಾದ ಹೊಸದರಲ್ಲಿ ನಾನು ಮೊದಲ ತುತ್ತು ಎತ್ತುವುದನ್ನು ಅವಳು ಬಾಗಿಲ ಸಂದಿನಿಂದ ನೋಡುತ್ತಿದ್ದಳಂತೆ. ಆಗ ಅವಳಿಗೆ ಹೇಗಾಗಿತ್ತೆಂದು ಅವತ್ತು ತಿಳಿಯಿತು. ಅವಳು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ಕಣ್ಣು ಮುಚ್ಚಿದಳು. ಎಲ್ಲವೂ ಬಂದಿರಲಿಲ್ಲ ಅಂತ ಆಮೇಲೆ ಹೇಳಿದಳು. ಎಲ್ಲೋ ದೂರದ ಮನೆಯಲ್ಲಿ ಯಾರೋ ಮಾತಾಡಿದಂತೆ ಒಂದಷ್ಟು ಕೇಳಿಸುತ್ತಿತ್ತಂತೆ, ಒಂದಷ್ಟು ಇಲ್ಲವಂತೆ. ಇನ್ನೊಂದು ತುತ್ತು ತೆಗೆದುಕೊಂಡಳು. ಹುಬ್ಬು ಗಂಟಾಯಿತು.

"ಇಂಗು ಎಷ್ಟು ಹಾಕೀಯಾ?"

"ಟೀವೀಲಿ ಹೇಳಿದಂಗೇ. ಯಾಕೆ, ಜಾಸ್ತಿ ಆತಾ?"

"ಜಾಸ್ತೀನಾ?" ಅಂದಳು. "ದಿನಾ ಇಷ್ಟೇ ಹಾಕ್ತಿದ್ದೇನು? ಶ್ರಾವಣದಿಂದ?"

"ಹೂಂ."

ಸಾರಿನಲ್ಲಿ ಬೆರಳದ್ದಿ ಇನ್ನೊಮ್ಮೆ ನೆಕ್ಕಿದಳು. ಆಮೇಲೆ ತಟ್ಟೆ ಮುಂದೆ ಸರಿಸಿದಳು.

"ಇನ್ನೊಂದು ಸೌಟು ಹಾಕು" ಅಂದಳು.